ಎರಡು ಬಂದರು, ಒಬ್ಬ ಸ್ಟಾಪರ್

ಸೌತಾಂಪ್ಟನ್‌ನ ಸೇಂಟ್ ಮೇರಿಸ್ ಕ್ರೀಡಾಂಗಣದ ಎದುರು ಟೆಡ್ ಬೇಟ್ಸ್ ಅವರ ಕಂಚಿನ ಪ್ರತಿಮೆ ಇದೆ. ಆಟಗಾರ, ಮ್ಯಾನೇಜರ್, ನಿರ್ದೇಶಕ, ಅಧ್ಯಕ್ಷ ಎಂದು ಒಂದೇ ಕ್ಲಬ್ಬಿನಲ್ಲಿ ಅರವತ್ತು ವರ್ಷಕ್ಕೂ ಮಿಕ್ಕಿ ಬಾಳಿದವರು ಅವರು. 2025ರ ಆಗಸ್ಟ್ 31, ಭಾನುವಾರದ ಸಂಜೆ, ಆ ಪ್ರತಿಮೆಯ ಬುಡದಲ್ಲಿ ಇಬ್ಬರು ಕನ್ನಡಿಗರು ನಿಂತಿದ್ದರು. ಒಬ್ಬರು ಬೆಂಗಳೂರಿನ ಹಲಸೂರಿನಿಂದ ಬಂದ ಮಾವ. ಇನ್ನೊಬ್ಬ ಅವರ ಅಕ್ಕನ ಮಗ, ಇದೇ ಊರಿನಲ್ಲಿ ಹಡಗು ಕಟ್ಟುವ ವಿದ್ಯೆ ಓದುತ್ತಿರುವ ಹುಡುಗ. ಪಂದ್ಯ ಇರಲಿಲ್ಲ, ಬಾಗಿಲು ಮುಚ್ಚಿತ್ತು. ಹಿಂದೊಮ್ಮೆ ಗ್ಯಾಸ್ ಕಾರ್ಖಾನೆಯಿದ್ದ ಜಾಗದಲ್ಲಿ 2001ರಲ್ಲಿ ತಲೆಯೆತ್ತಿದ, 32 ಸಾವಿರ ಜನ ಹಿಡಿಸುವ ಆ ಕಟ್ಟಡಕ್ಕೆ ಮಾವ ಹೊರಗಿನಿಂದಲೇ ಒಂದು ಸುತ್ತು ಹಾಕಿದರು, ದೇವಸ್ಥಾನಕ್ಕೆ ಹಾಕಿದ ಹಾಗೆ.

ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರದ ಗಲ್ಲಿಗಳಲ್ಲಿ ಆಡಿ ಬೆಳೆದವರು ಮಾವ. ಆ ಆಟದ ಬಲದ ಮೇಲೆಯೇ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಯೇ ನಿವೃತ್ತಿಯೂ ಆಯಿತು. ಅವರು ಆಡುತ್ತಿದ್ದ ಜಾಗ ಸ್ಟಾಪರ್. ಈಗಿನ ಹುಡುಗರು ಸೆಂಟರ್ ಬ್ಯಾಕ್ ಅನ್ನುವುದನ್ನು ಬೆಂಗಳೂರಿನ ಹಳೆಯ ಮೈದಾನಗಳು ಸ್ಟಾಪರ್ ಎಂದೇ ಕರೆದವು. ಎದುರಾಳಿಯನ್ನು ನಿಲ್ಲಿಸುವವನು, ಅಷ್ಟೇ. ಅವನಿಗೆ ಹೂಮಾಲೆ ಬೀಳುವುದು ಅಪರೂಪ, ಬೈಗುಳ ಬೀಳುವುದು ಪ್ರತಿ ವಾರ.

ಈ ಪ್ರಯಾಣಕ್ಕೆ ಎಂಟು ವರ್ಷ ಹಿಂದಿನ ಒಂದು ಸುದ್ದಿ ಕಾರಣ. ವರ್ಜಿಲ್ ವಾನ್ ಡೈಕ್ ಎಂಬ ಡಚ್ ಡಿಫೆಂಡರ್‌ಗಾಗಿ ಲಿವರ್‌ಪೂಲ್ ಕ್ಲಬ್ ಸೌತಾಂಪ್ಟನ್‌ಗೆ 7.5 ಕೋಟಿ ಪೌಂಡ್ ಕೊಡಲು ಒಪ್ಪಿದೆ ಎಂದು 2017ರ ಡಿಸೆಂಬರ್ 27ರಂದು ಪ್ರಕಟವಾಯಿತು. ಆಗಿನ ಲೆಕ್ಕದಲ್ಲಿ ಆರುನೂರು ಕೋಟಿ ರೂಪಾಯಿಗೂ ಮೇಲೆ. ಅಲ್ಲಿಯವರೆಗೆ ಜಗತ್ತಿನ ಯಾವ ಡಿಫೆಂಡರ್‌ಗೂ ಅಷ್ಟು ಹಣ ಸಂದಿರಲಿಲ್ಲ. ಗೋಲು ಹೊಡೆಯುವವರ ಮೇಲೆ ಹಣ ಸುರಿಯುವುದನ್ನು ಮಾವ ಎಷ್ಟೋ ಸಲ ಓದಿದ್ದರು. ಗೋಲು ತಡೆಯುವವನಿಗೂ ಇಂಥ ಬೆಲೆ ಬಂತು ಎಂದು ಓದಿದ ದಿನ ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಆ ಸ್ಟಾಪರ್ ಹೊರಟ ಊರಿನಿಂದ ಸೇರಿದ ಊರಿಗೆ ತಾವೂ ಒಮ್ಮೆ ಹೋಗಿ ನೋಡಬೇಕು ಅನ್ನುವುದು ಅವರ ಆಸೆ.

ನಾಯಿ ಹಿಡಿದುಕೊಂಡು ಅದೇ ದಾರಿಯಲ್ಲಿ ಬಂದ ಒಬ್ಬ ಹಿರಿಯರು ಹುಡುಗನ ಕೆಂಪು ಜಾಕೆಟ್ ನೋಡಿ ನಿಂತರು. ಅದು ಸೌತಾಂಪ್ಟನ್ನಿನ ಕೆಂಪಲ್ಲ, ಲಿವರ್‌ಪೂಲಿನದು. ಸಿಟ್ಟಿನಿಂದಲ್ಲ, ಮನೆಯ ಲೆಕ್ಕ ಒಪ್ಪಿಸುವವರ ಹಾಗೆ ಅವರು ಹೆಸರು ಎಣಿಸತೊಡಗಿದರು. 2014ರಲ್ಲಿ ಲ್ಯಾಂಬರ್ಟ್, ಲಲಾನಾ, ಲೋವ್ರೆನ್. 2015ರಲ್ಲಿ ಕ್ಲೈನ್. 2016ರಲ್ಲಿ ಸಾಡಿಯೋ ಮಾನೆ. ಆಮೇಲೆ ವಾನ್ ಡೈಕ್. ನಾಲ್ಕು ವರ್ಷದೊಳಗೆ ಆರು ಜನ, ಎಲ್ಲರೂ ಒಂದೇ ಊರಿಗೆ.

ಅವರಿಗೆ ನೋವಾದದ್ದು ವಾನ್ ಡೈಕ್ ಹೋದದ್ದಕ್ಕಲ್ಲ, ಹೋಗುವ ಮೊದಲು ನಡೆದದ್ದಕ್ಕೆ. 2015ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್‌ನಿಂದ 1.3 ಕೋಟಿ ಪೌಂಡ್ ಕೊಟ್ಟು ಅವನನ್ನು ತಂದರು. 2016ರ ಮೇ ತಿಂಗಳಲ್ಲಿ ಆರು ವರ್ಷದ ಹೊಸ ಒಪ್ಪಂದವಾಯಿತು. 2017ರ ಜನವರಿಯಲ್ಲಿ ನಾಯಕನ ಪಟ್ಟವನ್ನೂ ಕಟ್ಟಿದರು. ಅದೇ ತಿಂಗಳು ಲೆಸ್ಟರ್ ವಿರುದ್ಧ ಕಣಕಾಲಿಗೆ ಪೆಟ್ಟು ಬಿತ್ತು. ಫೆಬ್ರುವರಿಯಲ್ಲಿ ವೆಂಬ್ಲಿಯಲ್ಲಿ ಲೀಗ್ ಕಪ್ ಫೈನಲ್. ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 3–2ರಿಂದ ಸೋತಾಗ ನಾಯಕ ಮೈದಾನದಲ್ಲಿರಲಿಲ್ಲ. 1976ರ ಎಫ್‌ಎ ಕಪ್ ಬಿಟ್ಟರೆ ದೊಡ್ಡ ಬಹುಮಾನ ಕಾಣದ ಊರಿಗೆ ಅಂಥ ದಿನ ಮತ್ತೆ ಬರಲಿಲ್ಲ. ಬೇಸಗೆಯಲ್ಲಿ ನೋಡಿದರೆ, ಲಿವರ್‌ಪೂಲ್‌ನವರು ಅನುಮತಿಯಿಲ್ಲದೆ ಆಟಗಾರನನ್ನು ಸಂಪರ್ಕಿಸಿದ್ದಾರೆ ಎಂದು ಸೌತಾಂಪ್ಟನ್ ಪ್ರೀಮಿಯರ್ ಲೀಗ್‌ಗೆ ದೂರು ಕೊಟ್ಟಿತು. ಜೂನ್‌ನಲ್ಲಿ ಲಿವರ್‌ಪೂಲ್ ಬಹಿರಂಗವಾಗಿ ವಿಷಾದ ಹೇಳಿ, ಇನ್ನು ಆ ಆಸೆ ಬಿಟ್ಟೆವು ಎಂದಿತು. ಆಗಸ್ಟ್‌ನಲ್ಲಿ ಆಟಗಾರನೇ ಬಿಡುಗಡೆ ಕೇಳಿ ಪತ್ರ ಕೊಟ್ಟ. ಕ್ಲಬ್ ಬಿಡಲಿಲ್ಲ. ತಂಡ ಒಂದು ಕಡೆ, ಅವನೊಬ್ಬನೇ ಇನ್ನೊಂದು ಕಡೆ ಅಭ್ಯಾಸ ಮಾಡಿದ ದಿನಗಳವು.

ಬೇಸಗೆಯಲ್ಲಿ ಕೊಟ್ಟಿದ್ದರೆ ಇಷ್ಟು ಹಣ ಬರುತ್ತಿತ್ತೇ ಎಂದು ಹುಡುಗ ಕೇಳಿದ. ಹಿರಿಯರು ತಲೆಯಾಡಿಸಿದರು. ಹಣ ಬಂತು ಮಗು, ಆಮೇಲೆ ಅದು ಎಲ್ಲಿಗೆ ಹೋಯಿತು ಗೊತ್ತೇ ಅಂದರು. ಮರು ತಿಂಗಳೇ ಮೊನಾಕೊದಿಂದ ಗೀಡೊ ಕರಿಯೊ ಎಂಬ ಸ್ಟ್ರೈಕರ್‌ನನ್ನು ಸುಮಾರು 1.9 ಕೋಟಿ ಪೌಂಡ್ ಕೊಟ್ಟು ಕರೆತಂದರು. ಹತ್ತು ಪಂದ್ಯ ಆಡಿದ, ಒಂದು ಗೋಲೂ ಬರಲಿಲ್ಲ. ಆ ವರ್ಷ ತಂಡ 17ನೇ ಸ್ಥಾನದಲ್ಲಿ ಹೇಗೋ ಉಳಿಯಿತು. 2019ರ ಅಕ್ಟೋಬರ್‌ನಲ್ಲಿ ಇದೇ ಅಂಗಳದಲ್ಲಿ ಲೆಸ್ಟರ್ ಒಂಬತ್ತು ಗೋಲು ಹೊಡೆಯಿತು. 2023ರಲ್ಲಿ ಕೆಳಗಿನ ಲೀಗ್‌ಗೆ ಇಳಿದು, ಮೇಲೆ ಬಂದು, 2024–25ರಲ್ಲಿ 38 ಪಂದ್ಯಗಳಿಂದ ಬರೀ 12 ಅಂಕ ಪಡೆದು ಮತ್ತೆ ಇಳಿಯಿತು. ಈ ಭಾನುವಾರಕ್ಕೆ ವಾರದ ಹಿಂದಷ್ಟೇ, ಇಲ್ಲಿನ ಅಕಾಡೆಮಿಯಲ್ಲಿ ಬೆಳೆದ ಹತ್ತೊಂಬತ್ತರ ಟೈಲರ್ ಡಿಬ್ಲಿಂಗ್‌ನನ್ನು 4 ಕೋಟಿ ಪೌಂಡ್‌ವರೆಗಿನ ಬೆಲೆಗೆ ಎವರ್ಟನ್‌ಗೆ ಕೊಟ್ಟಾಗಿತ್ತು. ಎವರ್ಟನ್ ಇರುವುದೂ ಲಿವರ್‌ಪೂಲ್ ನಗರದಲ್ಲೇ.

ಹಿರಿಯರು ಹೋದ ಮೇಲೂ ಮಾವ ಸ್ವಲ್ಪ ಹೊತ್ತು ಅಲ್ಲೇ ಇದ್ದರು. ಬೆಲೆಯ ಸುದ್ದಿ ಓದುವಾಗ ಕೊಂಡವರ ಊರು ಮಾತ್ರ ಕಣ್ಣಿಗೆ ಬಿದ್ದಿತ್ತು, ಕೊಟ್ಟವರ ಊರು ಬಿದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ರೈಲು ಸೌತಾಂಪ್ಟನ್ ಸೆಂಟ್ರಲ್ ಬಿಟ್ಟು ಸುರಂಗ ದಾಟಿ, ಅದೇ ಕ್ರೀಡಾಂಗಣದ ಪಕ್ಕದಲ್ಲೇ ಸಾಗಿ ಉತ್ತರಕ್ಕೆ ತಿರುಗಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ರೈಲು ಬದಲಿಸಿ ಲಿವರ್‌ಪೂಲ್ ಸೇರಬೇಕು, ಹತ್ತಿರ ಹತ್ತಿರ ಐದು ಗಂಟೆಯ ದಾರಿ. ಅಂದು ಸೆಪ್ಟೆಂಬರ್ 1, ಆಟಗಾರರ ವರ್ಗಾವಣೆಗೆ ಕೊನೆಯ ದಿನ. ಸಂಜೆ ಏಳಕ್ಕೆ ಬಾಗಿಲು ಮುಚ್ಚುತ್ತದೆ. ಹುಡುಗ ಕಿಟಕಿಯ ಹೊರಗೆ ನೋಡಲೇ ಇಲ್ಲ. ಕ್ರಿಸ್ಟಲ್ ಪ್ಯಾಲೆಸ್ ತಂಡದ ನಾಯಕ, ಸ್ಟಾಪರ್ ಮಾರ್ಕ್ ಗೇಹಿ ಲಿವರ್‌ಪೂಲ್‌ಗೆ ಬರುತ್ತಾನೋ ಇಲ್ಲವೋ ಎಂಬುದು ಅವನ ಚಿಂತೆ. ವಾನ್ ಡೈಕ್‌ಗೆ 34 ತುಂಬಿತ್ತು. ಪಕ್ಕದಲ್ಲಿ ನಿಲ್ಲಲು, ಮುಂದೆ ಆ ಜಾಗ ತುಂಬಲು ಒಬ್ಬ ಬೇಕಿತ್ತು.

"ಎಷ್ಟಂತೆ?" ಎಂದರು ಮಾವ.

"ಮೂರೂವರೆ ಕೋಟಿ ಪೌಂಡ್ ಅಂತ ಮಾತು ನಡೀತಿದೆ ಮಾವ. ಪ್ಯಾಲೆಸ್‌ನವರು ಇನ್ನೂ ಹೂಂ ಅಂದಿಲ್ಲ."

"ಅವನು ವಾನ್ ಡೈಕ್‌ಗಿಂತ ಅರ್ಧದಷ್ಟು ಆಟಗಾರನೇನೋ ಹಾಗಾದ್ರೆ?"

ಇಂಗ್ಲೆಂಡ್ ತಂಡದ ಸ್ಟಾಪರ್, ಮೇ ತಿಂಗಳಲ್ಲಿ ಎಫ್‌ಎ ಕಪ್ ಎತ್ತಿದ ನಾಯಕ, ವಯಸ್ಸು ಇಪ್ಪತ್ತೈದು. ಆಟ ಅರ್ಧದ್ದಲ್ಲ ಎಂದು ಹುಡುಗ ಬಿಡಿಸಿ ಹೇಳಿದ. ಕಡಿಮೆಯಿರುವುದು ಕಾಲ. ಗೇಹಿಯ ಒಪ್ಪಂದ 2026ರ ಜೂನ್‌ಗೆ ಮುಗಿಯುವುದಿತ್ತು. ಮಾರಿದ ದಿನ ವಾನ್ ಡೈಕ್‌ನ ಒಪ್ಪಂದದಲ್ಲಿ ನಾಲ್ಕೂವರೆ ವರ್ಷ ಬಾಕಿಯಿತ್ತು, ಗೇಹಿಯದರಲ್ಲಿ ಹತ್ತು ತಿಂಗಳು. ಅದು ಮುಗಿದರೆ ಅವನು ಯಾರಿಗೂ ಒಂದು ಪೈಸೆ ಕೊಡಿಸದೆ ಎಲ್ಲಿಗೆ ಬೇಕಾದರೂ ಹೋಗಬಹುದು. ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಎಂಬ ಆಟಗಾರ ಹೂಡಿದ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ 1995ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪು ಇದಕ್ಕೆ ಆಧಾರ. ಕ್ಲಬ್ಬುಗಳು ಕೊಳ್ಳುವುದು ಆಟಗಾರನನ್ನಲ್ಲ, ಅವನ ಒಪ್ಪಂದದಲ್ಲಿ ಉಳಿದ ದಿನಗಳನ್ನು.

ಮಾವನಿಗೆ ಇದು ಒಮ್ಮೆಗೇ ಒಪ್ಪಿಗೆಯಾಗಲಿಲ್ಲ. ಅವರ ತಾತನ ಊರು ದೊಡ್ಡಬಳ್ಳಾಪುರದ ಕಡೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಚಿಕ್ಕಂದಿನಲ್ಲಿ ತಾತನ ಹೆಗಲೇರಿ ಹೋದವರು ಅವರು. ಎತ್ತಿನ ಹಲ್ಲು ನೋಡಿ, ಬೆನ್ನು ತಟ್ಟಿ, ಆಮೇಲೆ ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತಿದ್ದ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಬೆರಳು ಎಷ್ಟು ಅನ್ನುವುದು ತಿಳಿಯುತ್ತಿರಲಿಲ್ಲ. ವಾನ್ ಡೈಕ್‌ನ ಸುದ್ದಿ ಓದಿದಾಗ ಅವರಿಗೆ ನೆನಪಾದದ್ದು ಆ ಟವೆಲ್. ಮನುಷ್ಯನಿಗೆ ಹಾಗೆ ದರ ಕಟ್ಟುವುದು ಸರಿಯೇ ಎಂಬ ಇರುಸುಮುರುಸು ಇಷ್ಟು ವರ್ಷ ಅವರೊಳಗೇ ಉಳಿದಿತ್ತು.

ಎತ್ತಿಗೂ ಆಟಗಾರನಿಗೂ ಒಂದು ವ್ಯತ್ಯಾಸವಿದೆ, ಇವನು ಬೇಡ ಅನ್ನಬಹುದು. ಆದರೆ ಆ 'ಬೇಡ' ಇಂಗ್ಲೆಂಡಿನಲ್ಲಿ ಸುಲಭವಾಗಿ ಬಂದದ್ದಲ್ಲ. ಒಪ್ಪಂದ ಮುಗಿದರೂ ಹಳೆಯ ಕ್ಲಬ್ಬೇ ಹಿಡಿದಿಟ್ಟುಕೊಳ್ಳುವ ಪದ್ಧತಿ ಅಲ್ಲಿ ದಶಕಗಳ ಕಾಲ ನಡೆಯಿತು. ನ್ಯೂಕಾಸಲ್‌ನ ಜಾರ್ಜ್ ಈಸ್ಟ್‌ಹ್ಯಾಮ್ ಕೋರ್ಟಿಗೆ ಹೋಗಿ, 1963ರಲ್ಲಿ ಆ ಪದ್ಧತಿ ನ್ಯಾಯವಲ್ಲ ಎಂದು ತೀರ್ಪು ಬರುವಂತೆ ಮಾಡಿದ. ಅದಕ್ಕೆ ಎರಡು ವರ್ಷ ಮುಂಚಿನವರೆಗೂ ಆಟಗಾರನ ಸಂಬಳ ವಾರಕ್ಕೆ 20 ಪೌಂಡ್ ಮೀರುವಂತಿರಲಿಲ್ಲ.

ಇದನ್ನು ಕೇಳುತ್ತಿದ್ದಂತೆ ಮಾವ ತಮ್ಮದೇ ಒಂದು ಸಂಗತಿ ತೆಗೆದರು. ಅಕ್ಕನ ಮಕ್ಕಳ ಮುಂದೆ ಅವರು ಹಿಂದೆಂದೂ ಇದನ್ನು ಹೇಳಿದವರಲ್ಲ. ಅವರ ಕಾಲದ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳೇ ಫುಟ್‌ಬಾಲ್‌ನ ಮನೆಗಳು. ಆಟಗಾರನಿಗೆ ಬೆಲೆ ಅಂದರೆ ನೌಕರಿ. ಅದಕ್ಕೂ ಹಿಂದೆ, ಬರಿಗಾಲಲ್ಲಿ ಒಲಿಂಪಿಕ್ಸ್ ಆಡಿದ ಬೆಂಗಳೂರಿನ ಅಹ್ಮದ್ ಖಾನ್‌ನಂಥವರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್‌ಗೆ ಹೋಗಿ ಹೆಸರು ಮಾಡಿದ್ದುಂಟು. ಮಾವನನ್ನು ಕಲ್ಕತ್ತೆಯವರು ಕರೆಯಲಿಲ್ಲ. ಕರೆದದ್ದು ಊರಿನ ಇನ್ನೊಂದು ಕಾರ್ಖಾನೆ. ಒಂದು ಗ್ರೇಡು ಮೇಲಿನ ಕೆಲಸ, ಇರಲು ಕ್ವಾರ್ಟರ್ಸ್. ಹೊಸದಾಗಿ ಮದುವೆಯಾಗಿತ್ತು. ಹಳೆಯ ಕಾರ್ಖಾನೆಯವರು ಎನ್‌ಒಸಿ ಕೊಡಲಿಲ್ಲ. ಈ ವರ್ಷ ಲೀಗ್ ಮುಗಿಯಲಿ ಅಂದರು. ಲೀಗ್ ಮುಗಿಯುವಷ್ಟರಲ್ಲಿ ಮಂಡಿ ಹೋಗಿತ್ತು. ಕರೆದವರು ಮತ್ತೆ ಬರಲಿಲ್ಲ.

"ಅತ್ತೆಗೆ ಗೊತ್ತಾ ಮಾವ?"

"ಗೊತ್ತಿಲ್ದೆ ಏನು. ಆ ಕ್ವಾರ್ಟರ್ಸ್ ನೋಡ್ಕೊಂಡು ಬಂದಿದ್ಲು."

ರೈಲು ಆಕ್ಸ್‌ಫರ್ಡ್ ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ.

ಈ ದೇಶದಲ್ಲಿ ಆಟಗಾರರ ಬೆಲೆಯ ಕಥೆಗೂ ರೈಲು ಹೋಗುವ ಈ ದಾರಿಗೂ ನಂಟಿದೆ. 1893ರಲ್ಲಿ ವಿಲ್ಲಿ ಗ್ರೋವ್ಸ್ ಎಂಬಾತ ವೆಸ್ಟ್ ಬ್ರಾಮ್‌ವಿಚ್‌ನಿಂದ ಆಸ್ಟನ್ ವಿಲ್ಲಾಗೆ 100 ಪೌಂಡ್‌ಗೆ ಹೋದ. ನೂರರ ಗಡಿ ಮುಟ್ಟಿದ ಮೊದಲ ವರ್ಗಾವಣೆ ಅದೇ. ಎರಡೂ ಕ್ಲಬ್ಬುಗಳು ಬರ್ಮಿಂಗ್‌ಹ್ಯಾಮ್ ಆಸುಪಾಸಿನವು. ಹನ್ನೆರಡು ವರ್ಷದ ಮೇಲೆ ಆಲ್ಫ್ ಕಾಮನ್ ಸಂಡರ್‌ಲೆಂಡ್‌ನಿಂದ ಮಿಡಲ್ಸ್‌ಬರೋಗೆ 1,000 ಪೌಂಡ್‌ಗೆ ಹೋದಾಗ, ಇದು ಆಟವೇ ಅಲ್ಲ, ಸಂತೆ ಎಂದು ಜನ ಕೂಗಾಡಿದರು. 1979ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಯ ಟ್ರೆವರ್ ಫ್ರಾನ್ಸಿಸ್ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹತ್ತು ಲಕ್ಷ ಪೌಂಡ್‌ಗೆ ಹೋದಾಗಲೂ ಅದೇ ಕೂಗು. ಅದೇ ವರ್ಷದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಫ್ರಾನ್ಸಿಸ್ ಗೆಲುವಿನ ಗೋಲು ಹೊಡೆದ ಮೇಲೆ ಕೂಗು ಅಡಗಿತು.

ನ್ಯೂ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಬದಲಿಸಿದಾಗ ಎದುರು ಸೀಟಿಗೆ ಬಂದವರು ಕ್ರೂ ಎಂಬ ಊರಿಗೆ ಹೊರಟ ಒಬ್ಬ ಮಹಿಳೆ. ಹೆಗಲ ಚೀಲದ ಮೇಲೆ ಆಸ್ಟನ್ ವಿಲ್ಲಾದ ಸಿಂಹ. ಹಿಂದಿನ ರಾತ್ರಿ ಅವರು ವಿಲ್ಲಾ ಪಾರ್ಕ್‌ನಲ್ಲಿದ್ದರು. ಪ್ಯಾಲೆಸ್ 3–0ಯಿಂದ ಗೆದ್ದ ಆ ಪಂದ್ಯದಲ್ಲಿ ಎರಡನೇ ಗೋಲು ಇದೇ ಗೇಹಿಯದು. ಮಾರಾಟಕ್ಕೆ ಒಂದು ದಿನವಿರುವಾಗ ನಾಯಕನ ಪಟ್ಟಿ ತೊಟ್ಟು, ಸ್ಟಾಪರ್ ಆಗಿದ್ದೂ ಚೆಂಡನ್ನು ಬಾಗಿಸಿ ಬಲೆಯ ಮೂಲೆಗೆ ಕಳಿಸಿದ್ದ. ಅಂಥವನನ್ನು ಹೇಗೆ ಬಿಡುತ್ತಾರೆ ಎಂದು ಆಕೆ ಕೇಳಿದರು. ಬಿಡದಿದ್ದರೆ ಮುಂದಿನ ಜೂನ್‌ಗೆ ಕೈಗೆ ಏನೂ ಸಿಗುವುದಿಲ್ಲ ಎಂದ ಹುಡುಗ. ಏನೂ ಸಿಗದಿದ್ದರೂ ಒಂದು ವರ್ಷದ ಆಟ ಸಿಗುತ್ತದಲ್ಲ ಎಂದರು ಆಕೆ. ಆ ಮಾತಿಗೆ ಮಾವ ಗಟ್ಟಿಯಾಗಿ ತಲೆಯಾಡಿಸಿದರು.

ಹುಡುಗನ ಬಳಿ ಇನ್ನೊಂದು ಲೆಕ್ಕವಿತ್ತು. ಲಿವರ್‌ಪೂಲ್ ನಗರದಲ್ಲೇ ಹುಟ್ಟಿ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಟ್ರೆಂಟ್ ಅಲೆಕ್ಸಾಂಡರ್ ಆರ್ನಾಲ್ಡ್‌ನ ಒಪ್ಪಂದ ಆ ವರ್ಷದ ಜೂನ್ 30ಕ್ಕೆ ಮುಗಿಯುವುದಿತ್ತು. ಜುಲೈನಲ್ಲಾದರೆ ರಿಯಲ್ ಮ್ಯಾಡ್ರಿಡ್‌ಗೆ ಅವನು ಪುಕ್ಕಟೆ ಸಿಗುತ್ತಿದ್ದ. ಕ್ಲಬ್ ವಿಶ್ವಕಪ್‌ಗೆ ಬೇಕೆಂದು ಒಂದು ತಿಂಗಳು ಮುಂಚೆ ಕರೆದುಕೊಂಡದ್ದಕ್ಕೆ ಅವರು ಕೊಟ್ಟದ್ದು ಸುಮಾರು ಒಂದು ಕೋಟಿ ಯೂರೋ. ಮೂವತ್ತು ದಿನಕ್ಕೆ ಅಷ್ಟು. ಇಪ್ಪತ್ತು ವರ್ಷ ಬೆಳೆಸಿದ ಊರಿಗೆ ಬಂದದ್ದೂ ಅಷ್ಟೇ. ಹೊರಡುವ ಸುದ್ದಿ ತಿಳಿದ ಮೇಲೆ ತಮ್ಮದೇ ಹುಡುಗನನ್ನು ಅಭಿಮಾನಿಗಳು ಮೈದಾನದಲ್ಲಿ ಹೀಯಾಳಿಸಿದರು. ಆ ದಿನ ತಾನೂ ಸಿಟ್ಟಾಗಿದ್ದೆ, ಈಗ ಆ ಸಿಟ್ಟು ಇಲ್ಲ ಎಂದು ಹುಡುಗ ಹೇಳಿಕೊಂಡ.

ಅಕಾಡೆಮಿ ಹುಡುಗರೇ ಮೊದಲು ಮಾರಾಟವಾಗುವುದರ ಹಿಂದೆ ಲೆಕ್ಕಪತ್ರದ ಒಂದು ಕಾರಣವಿದೆ. ಕೊಂಡ ಆಟಗಾರನ ಬೆಲೆಯನ್ನು ಕ್ಲಬ್ಬುಗಳು ಒಪ್ಪಂದದ ವರ್ಷಗಳಿಗೆ ಹಂಚಿ ಬರೆದುಕೊಳ್ಳುತ್ತವೆ. ಮೂರೂವರೆ ಕೋಟಿಗೆ ಕೊಂಡು ಐದು ವರ್ಷದ ಒಪ್ಪಂದ ಮಾಡಿಕೊಂಡರೆ ವರ್ಷಕ್ಕೆ 70 ಲಕ್ಷ ಖರ್ಚು. ಅಕಾಡೆಮಿ ಹುಡುಗನಿಗೆ ಕೊಂಡ ಬೆಲೆಯೇ ಇಲ್ಲ. ಹಾಗಾಗಿ ಮಾರಿದ ವರ್ಷ ಬಂದದ್ದೆಲ್ಲ ಲಾಭದ ಕಾಲಂಗೆ ಹೋಗುತ್ತದೆ. ನಷ್ಟಕ್ಕೆ ಮಿತಿ ಹಾಕುವ ನಿಯಮಗಳಿದ್ದ ಲೀಗ್‌ನಲ್ಲಿ ಇದು ದೊಡ್ಡ ಆಸೆಯಾಗಿತ್ತು. ಊರಿಗೆ ಹತ್ತಿರದವನನ್ನೇ ಮೊದಲು ಬಿಟ್ಟುಕೊಡುವಂತೆ ಮಾಡುವ ಈ ಪದ್ಧತಿ ಅನ್ಯಾಯದ್ದು. ಸೌತಾಂಪ್ಟನ್ನಿನ ಆ ಹಿರಿಯರು ನಾಯಿಯ ಜೊತೆ ಹೊತ್ತು ತಿರುಗುವ ದುಃಖದಲ್ಲಿ ಇದರ ಪಾಲೂ ಇದೆ.

ವುಲ್ವರ್‌ಹ್ಯಾಂಪ್ಟನ್ ಬಂದಾಗ ಹುಡುಗ ಮೊದಲ ಬಾರಿಗೆ ಕಿಟಕಿಯತ್ತ ತಿರುಗಿದ. ಡಿಯೋಗೊ ಜೋಟಾ 2020ರಲ್ಲಿ ಈ ಊರಿನ ಕ್ಲಬ್ಬಿನಿಂದಲೇ ಸುಮಾರು 4.1 ಕೋಟಿ ಪೌಂಡ್‌ಗೆ ಲಿವರ್‌ಪೂಲ್‌ಗೆ ಬಂದವನು. 2025ರ ಜುಲೈ 3ರಂದು ಸ್ಪೇನಿನ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ಅವನೂ ತಮ್ಮ ಆಂಡ್ರೆಯೂ ತೀರಿಕೊಂಡರು. ಅವನು ತೊಡುತ್ತಿದ್ದ 20ನೇ ನಂಬರಿನ ಅಂಗಿಯನ್ನು ಕ್ಲಬ್ ಇನ್ನು ಯಾರಿಗೂ ಕೊಡುವುದಿಲ್ಲ.

ರನ್‌ಕಾರ್ನ್‌ನಲ್ಲಿ ರೈಲು ಮರ್ಸಿ ನದಿಯ ಮೇಲಿನ ಹಳೆಯ ಸೇತುವೆ ದಾಟಿತು. ಮುಂದೆ ಕಲ್ಲನ್ನು ಕೊರೆದು ಮಾಡಿದ ಆಳವಾದ ಕಣಿವೆಯಂಥ ದಾರಿ. ಅದರೊಳಗಿಂದ ಹೊರಬಿದ್ದರೆ ಲೈಮ್ ಸ್ಟ್ರೀಟ್. ಹಿಂದಿನ ದಿನ ಸೊಬೊಸ್ಲಾಯ್ ಹೊಡೆದ ಫ್ರೀಕಿಕ್‌ನಿಂದ ಆರ್ಸೆನಲ್ ವಿರುದ್ಧ 1–0 ಗೆದ್ದ ಹುರುಪು ಊರಿನಲ್ಲಿ ಇನ್ನೂ ಇತ್ತು.

ಲಿವರ್‌ಪೂಲ್ ಕ್ಲಬ್ಬಿನ ಮೈದಾನವಾದ ಆನ್‌ಫೀಲ್ಡ್‌ನಲ್ಲಿ ಮಾವ ಮೊದಲು ನಿಂತದ್ದು ಹಿಲ್ಸ್‌ಬರೋ ಸ್ಮಾರಕದ ಮುಂದೆ. 1989ರ ಏಪ್ರಿಲ್‌ನಲ್ಲಿ ಪಂದ್ಯ ನೋಡಲು ಹೋಗಿ ಮನೆಗೆ ಮರಳದ 97 ಜನರ ಹೆಸರುಗಳು ಅಲ್ಲಿವೆ. ಒಂದೊಂದನ್ನೂ ತುಟಿಯಲ್ಲೇ ಓದಿ, ಚಪ್ಪಲಿ ಬಿಟ್ಟು ಕೈಮುಗಿದರು. ಹೂ ಇಡುತ್ತಿದ್ದ ಒಬ್ಬಾಕೆ ಸ್ವಲ್ಪ ಸರಿದು ಅವರಿಗೆ ಜಾಗ ಮಾಡಿಕೊಟ್ಟರು.

ಕ್ಲಬ್ಬಿನ ಹಳೆಯ ಮ್ಯಾನೇಜರ್ ಬಿಲ್ ಶ್ಯಾಂಕ್ಲಿಯ ಪ್ರತಿಮೆಯ ಹತ್ತಿರ ನಾಲ್ಕಾರು ಅಭಿಮಾನಿಗಳ ಗುಂಪು ಸೇರಿತ್ತು. ಎಲ್ಲರ ಕೈಯಲ್ಲೂ ಫೋನು. ಪ್ಯಾಲೆಸ್ ಒಪ್ಪಿತಂತೆ, ಮೂರೂವರೆ ಕೋಟಿಗೆ. ಮುಂದೆ ಮಾರಿದರೆ ಬರುವ ಲಾಭದಲ್ಲಿ ಪ್ಯಾಲೆಸ್‌ಗೂ ಪಾಲಂತೆ. ಹತ್ತು ತಿಂಗಳಿಗೆ ಅಷ್ಟೇಕೆ, ಜೂನ್‌ವರೆಗೆ ಕಾದರೆ ಪುಕ್ಕಟೆ ಬರುತ್ತಾನೆ ಎಂದು ಒಬ್ಬ. ಜೂನ್‌ಗೆ ಮ್ಯಾಡ್ರಿಡ್ ಬರುತ್ತದೆ, ಆಗ ನೀನು ಕಾಯುತ್ತಲೇ ಇರು ಎಂದು ಇನ್ನೊಬ್ಬ. ತಲೆ ಬೆಳ್ಳಗಾದ ಮೂರನೆಯವರು ಕೊಂಚ ಹೊತ್ತು ಸುಮ್ಮನಿದ್ದು ಶ್ಯಾಂಕ್ಲಿಯ ಕಥೆ ಎತ್ತಿದರು. 1961ರಲ್ಲಿ ಡಂಡಿ ಯುನೈಟೆಡ್‌ನಿಂದ ರಾನ್ ಯೇಟ್ಸ್ ಎಂಬ ಎತ್ತರದ ಸ್ಟಾಪರ್‌ನನ್ನು ತಂದು ನಿಲ್ಲಿಸಿ, ಬೇಕಾದರೆ ಇವನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ ಎಂದು ಪತ್ರಕರ್ತರನ್ನು ಕರೆದಿದ್ದರಂತೆ. ಎರಡನೇ ದರ್ಜೆಯಲ್ಲಿದ್ದ ತಂಡ ಮರುವರ್ಷವೇ ಮೇಲೇರಿತು, 1964ರಲ್ಲಿ ಲೀಗ್ ಗೆದ್ದಿತು. ಈ ಕ್ಲಬ್ಬಿನ ಕಟ್ಟಡಕ್ಕೆ ಬುನಾದಿ ಯಾವತ್ತೂ ಸ್ಟಾಪರ್‌ನಿಂದಲೇ ಎಂದು ಆ ಹಿರಿಯರ ವಾದ.

ವಾನ್ ಡೈಕ್ ಮಾತು ಬಂದಾಗ ಯಾರಲ್ಲೂ ಭಿನ್ನಮತವಿರಲಿಲ್ಲ. ಬ್ರೆಡಾ ಊರಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆದುಕೊಂಡು ಆಟ ಕಲಿತ ಹುಡುಗ. 2012ರಲ್ಲಿ ಗ್ರೋನಿಂಗನ್‌ನಲ್ಲಿದ್ದಾಗ ಹೊಟ್ಟೆಯೊಳಗಿನ ಸೋಂಕಿನಿಂದ ಸಾವಿನ ಬಾಗಿಲವರೆಗೂ ಹೋಗಿ ಬಂದವನು. 2018ರ ಜನವರಿ 5ರಂದು ಎವರ್ಟನ್ ವಿರುದ್ಧ ಮೊದಲ ಪಂದ್ಯ, 84ನೇ ನಿಮಿಷದಲ್ಲಿ ತಲೆಯಿಂದ ಗೋಲು, 2–1. ಅದೇ ವಾರ ಲಿವರ್‌ಪೂಲ್‌ನ ಕುಟಿನ್ಯೊ ಬಾರ್ಸಿಲೋನಾಗೆ ಹೋದ. ಎಲ್ಲ ಸೇರಿ 14.2 ಕೋಟಿ ಪೌಂಡ್‌ವರೆಗಿನ ವ್ಯವಹಾರ. ಆ ಹಣದಲ್ಲೇ ವಾನ್ ಡೈಕ್ ಮತ್ತು ಗೋಲ್‌ಕೀಪರ್ ಅಲಿಸನ್ ಇಬ್ಬರ ಬೆಲೆಯೂ ಹೊರಟಿತು ಎಂದು ಇಲ್ಲಿನವರು ಲೆಕ್ಕ ಹಾಕುತ್ತಾರೆ. ಲೀಗ್‌ನಲ್ಲಿ ತಂಡ ಬಿಟ್ಟುಕೊಟ್ಟ ಗೋಲು 2016–17ರಲ್ಲಿ 42. ಅವನು ಅರ್ಧದಲ್ಲಿ ಸೇರಿದ ವರ್ಷ 38. ಅಲಿಸನ್ ಬಂದು, ಅವನು ಇಡೀ ವರ್ಷ ಆಡಿದಾಗ 22.

ಮಾವ ತಮ್ಮ ಫೋನಿನಲ್ಲಿ ಒಂದು ತುಣುಕು ತೆಗೆದು ಆ ಬಿಳಿತಲೆಯ ಹಿರಿಯರ ಮುಂದೆ ಹಿಡಿದರು. 2019ರ ಮಾರ್ಚ್ 31, ಟಾಟನ್‌ಹ್ಯಾಮ್ ವಿರುದ್ಧ ಇದೇ ಮೈದಾನ. 1–1. ಇನ್ನೇನು ಐದಾರು ನಿಮಿಷ ಉಳಿದಿದೆ. ಸಿಸೊಕೊ ಚೆಂಡು ಹಿಡಿದು ಓಡಿ ಬರುತ್ತಿದ್ದಾನೆ, ಪಕ್ಕದಲ್ಲಿ ಸೋನ್. ಎದುರಿಗೆ ವಾನ್ ಡೈಕ್ ಒಬ್ಬನೇ. ಅವನು ಚೆಂಡಿನ ಮೇಲೆ ಬೀಳುವುದಿಲ್ಲ. ಸೋನ್‌ಗೆ ಪಾಸ್ ಹೋಗುವ ದಾರಿಯನ್ನು ಮೈಯಿಂದ ಮುಚ್ಚಿಕೊಂಡೇ ಹಿಂದಕ್ಕೆ ಸರಿಯುತ್ತಾನೆ. ಸಿಸೊಕೊ ತನಗೆ ಒಗ್ಗದ ಎಡಗಾಲಿನಲ್ಲಿ ಹೊಡೆಯಲೇಬೇಕಾಗುತ್ತದೆ. ಚೆಂಡು ಅಡ್ಡಕಂಬದ ಮೇಲೆ ಹಾರಿಹೋಗುತ್ತದೆ. ವಾನ್ ಡೈಕ್ ಚೆಂಡನ್ನು ಮುಟ್ಟಲೂ ಇಲ್ಲ. ಕೊನೆಯ ನಿಮಿಷದಲ್ಲಿ ಟಾಟನ್‌ಹ್ಯಾಮ್‌ನ ಆಲ್ಡರ್‌ವೈರೆಲ್ಡ್ ತನ್ನದೇ ತಂಡದ ಬಲೆಗೆ ಚೆಂಡು ತಾಗಿಸಿದ, ಲಿವರ್‌ಪೂಲ್ ಗೆದ್ದಿತು. ಆ ಆಲ್ಡರ್‌ವೈರೆಲ್ಡ್ ಸೌತಾಂಪ್ಟನ್‌ನಲ್ಲಿ ವಾನ್ ಡೈಕ್‌ಗೆ ಮುಂಚಿನ ವರ್ಷ ಅದೇ ಜಾಗದಲ್ಲಿ ಎರವಲು ಆಡಿದವನು.

ಭಾಷೆ ಪೂರಾ ಹೊಂದದಿದ್ದರೂ ಇಬ್ಬರು ಹಿರಿಯರೂ ಆ ಹನ್ನೆರಡು ಸೆಕೆಂಡನ್ನು ಮೂರು ಸಲ ನೋಡಿದರು. ಮಾವ ತಮ್ಮ ಮಂಡಿ ತಟ್ಟಿ, ಹಿಂದಕ್ಕೆ ಸರಿಯುವ ಆ ಹೆಜ್ಜೆ ಹಾಕಿ ತೋರಿಸಿದರು. ಸ್ಟಾಪರ್ ಮಾಡುವ ಒಳ್ಳೆಯ ಕೆಲಸದ ಗುರುತು ಸ್ಕೋರುಪಟ್ಟಿಯಲ್ಲಿ ಉಳಿಯುವುದಿಲ್ಲ. ಅದಕ್ಕೆ ಒಮ್ಮೆಯಾದರೂ ಯಾರೋ ಏಳೂವರೆ ಕೋಟಿ ಎಂದು ಬರೆದರು. ಪತ್ರಿಕೆಯ ತುಂಡನ್ನು ಮಾವ ಕತ್ತರಿಸಿ ಇಟ್ಟುಕೊಂಡದ್ದು ಆ ಕಾರಣಕ್ಕೆ.

ಸಂಜೆ ಇಬ್ಬರೂ ನದಿ ದಂಡೆಯ ಪಿಯರ್ ಹೆಡ್‌ಗೆ ಬಂದರು. ಟೈಟಾನಿಕ್‌ನ ಎಂಜಿನ್ ಕೋಣೆಯಲ್ಲಿ ಕೊನೆಯವರೆಗೂ ದುಡಿದವರ ನೆನಪಿಗೆ ಅಲ್ಲಿ ಒಂದು ಕಲ್ಲಿನ ಸ್ತಂಭವಿದೆ. ಅಂಥದೇ ಸ್ಮಾರಕವನ್ನು ಮಾವ ಸೌತಾಂಪ್ಟನ್‌ನ ಪಾರ್ಕ್‌ನಲ್ಲೂ ನೋಡಿದ್ದರು. ಟೈಟಾನಿಕ್‌ನ ಒಡೆತನದ, ಲಿವರ್‌ಪೂಲಿನಿಂದ ಹಡಗು ಬಿಡುತ್ತಿದ್ದ ವೈಟ್ ಸ್ಟಾರ್ ಕಂಪನಿ 1907ರಲ್ಲಿ ತನ್ನ ದೊಡ್ಡ ಹಡಗುಗಳನ್ನು ಸೌತಾಂಪ್ಟನ್‌ಗೆ ಒಯ್ದಿತು. ಹೆಸರು ಮಾತ್ರ ಹಳೆಯ ಊರಿನದೇ ಉಳಿಯಿತು. 1912ರ ಏಪ್ರಿಲ್ 10ರಂದು ಸೌತಾಂಪ್ಟನ್ ಬಿಟ್ಟ ಟೈಟಾನಿಕ್‌ನ ಹಿಂಬದಿಯಲ್ಲಿ ಲಿವರ್‌ಪೂಲ್ ಎಂದೇ ಬರೆದಿತ್ತು. ಮುಳುಗಿದಾಗ ಸತ್ತವರಲ್ಲಿ ಐನೂರಕ್ಕೂ ಹೆಚ್ಚು ಜನ ಸೌತಾಂಪ್ಟನ್ ಮನೆಗಳವರು. ಒಬ್ಬರ ಹಡಗು ಇನ್ನೊಬ್ಬರ ಬಂದರಿಗೆ, ಒಬ್ಬರ ಮಕ್ಕಳು ಇನ್ನೊಬ್ಬರ ಮೈದಾನಕ್ಕೆ ಹೋಗುವುದು ಈ ಎರಡು ಊರುಗಳಿಗೆ ಹೊಸದಲ್ಲ.

ಏಳು ಹೊಡೆಯಿತು. ಇಸಾಕ್ ಲಿವರ್‌ಪೂಲ್‌ಗೆ ಬಂದ ಸುದ್ದಿ ಹುಡುಗನ ಫೋನಿಗೆ ಆ ರಾತ್ರಿಯೇ ಬಂತು. ನ್ಯೂಕಾಸಲ್‌ನ ಸ್ಟ್ರೈಕರ್, 12.5 ಕೋಟಿ ಪೌಂಡ್, ಬ್ರಿಟನ್ನಿನಲ್ಲೇ ದಾಖಲೆ. ಗೇಹಿ ಬರಲಿಲ್ಲ. ಬೆಲೆ ಕುದುರಿತ್ತು, ವೈದ್ಯಕೀಯ ಪರೀಕ್ಷೆಯ ಸುದ್ದಿಯೂ ಬಂದಿತ್ತು. ಆದರೆ ಪ್ಯಾಲೆಸ್ ತನ್ನ ಸ್ಟಾಪರ್‌ನನ್ನು ಕೊಡಬೇಕಾದರೆ ಅವರಿಗೊಬ್ಬ ಸ್ಟಾಪರ್ ಬೇಕಿತ್ತು. ಅವರು ಕಣ್ಣಿಟ್ಟಿದ್ದ ಬ್ರೈಟನ್‌ನ ಇಗೊರ್ ಜೂಲಿಯೊ ವೆಸ್ಟ್ ಹ್ಯಾಮ್‌ಗೆ ಹೊರಟ. ಕೊನೆಯ ಗಳಿಗೆಯಲ್ಲಿ ಪ್ಯಾಲೆಸ್ ಹಿಂದೆ ಸರಿಯಿತು.

ಹುಡುಗ ಫೋನನ್ನು ಜೇಬಿಗೆ ಹಾಕಿ ಕಟ್ಟೆಯ ಮೇಲೆ ಕೂತ. ಅವನ ಮುಖ ನೋಡಿ ಮಾವನೂ ಪಕ್ಕದಲ್ಲಿ ಕೂತರು. ಫೆರ್ರಿಯೊಂದು ದೀಪ ಹಚ್ಚಿಕೊಂಡು ಆಚೆ ದಡದಿಂದ ಹೊರಟಿತ್ತು.

"ಆ ಹುಡುಗ ಈಗ ಎಲ್ಲಿದಾನೆ?"

"ಗೇಹಿನಾ? ಇಂಗ್ಲೆಂಡ್ ಟೀಮ್‌ನಲ್ಲಿದಾನೆ ಮಾವ. ಶನಿವಾರ ಆಂಡೊರಾ ಮೇಲೆ ಮ್ಯಾಚು."

"ಯಾವ ಊರಲ್ಲಿ?"

"ಬರ್ಮಿಂಗ್‌ಹ್ಯಾಮ್. ವಿಲ್ಲಾ ಪಾರ್ಕ್‌ನಲ್ಲೇ."

ಮಾವ ಕೈಬೆರಳಲ್ಲಿ ದಿನ ಎಣಿಸಿದರು. ವಾಪಸ್ ವಿಮಾನ ಭಾನುವಾರಕ್ಕಿತ್ತು.

"ಟಿಕೆಟ್ ಸಿಗುತ್ತೇನೋ, ನೋಡು."